ಆಟ ಬಿಟ್ಟ ಬಾಲಕನೂ ಮುಂಗಡ ಕೊಟ್ಟ ಹಣವೂ

ಮಕ್ಕಳ ಆಟಪಾಟಗಳ ವಿಷಯವು ಗೃಹಸ್ಥರಿಗೆ ಅಲ್ಪವೆಂದು ತೋರಬಹುದು. ಆದರೆ ಆಟದ ಸಾಮಾನಿಗೆಂದು ಮುಂಗಡ ಕೊಟ್ಟ ಹಣದ ದೆಸೆಯಿಂದ ಮಾತಿಗೆ ಮಾತು ಬೆಳೆದು, ಬಹುಕಾಲದ ನೆರೆಹೊರೆಯವರು ಒಬ್ಬರ ಮುಖವನ್ನೊಬ್ಬರು ನೋಡದಂತಾಗುವುದುಂಟು. ಆದಕಾರಣ ಈ ತಿಂಗಳು ಈ ವಿಷಯವನ್ನೇ ಸ್ವಲ್ಪ ವಿಚಾರ ಮಾಡೋಣ.

ನಮ್ಮ ಚಿನ್ನದ ಗಣಿಗಳ ಸೀಮೆಗೆ ಆಟವು ಹೊಸದಲ್ಲ. ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಎಂಬ ಗಣಿಗಳು ನಡೆಯುತ್ತಿದ್ದ ಕಾಲದಿಂದಲೂ ಫುಟ್‌ಬಾಲ್, ಹಾಕಿ ಆಟಗಳು ಇಲ್ಲಿನ ಮಕ್ಕಳಿಗೆ ತಾಯಿನುಡಿಯಷ್ಟೇ ಸಹಜವಾಗಿದ್ದುವು. 1964ರಲ್ಲಿ ಟೋಕಿಯೋ ಒಲಿಂಪಿಕ್ ಪಂದ್ಯಗಳಲ್ಲಿ ಓಡಿದ ಕೆನೆತ್ ಪೊವೆಲ್ ಅವರು ಈ ನೆಲದವರೇ. 2001ನೆಯ ಇಸವಿ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಮಕ್ಕಳ ಆಟದ ಆಸೆ ಮುಚ್ಚಲಿಲ್ಲ. ಮಾರಿಕುಪ್ಪಂ, ಬಂಗಾರಪೇಟೆಗಳಲ್ಲಿ ಮುಂಜಾನೆಯ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಹಿಂತಿರುಗುವ ತಂದೆಯೂ ಮಗನನ್ನು ತಂಡಕ್ಕೆ ಸೇರಿಸುತ್ತಾನೆ. ಅಂಥ ಮನೆಯಲ್ಲಿ ಬೂಟಿಗೆ ಕೊಟ್ಟ ಹಣವು ಯಾವುದೋ ಒಂದು ಅಗತ್ಯವನ್ನು ತಡೆದು ಕೊಟ್ಟ ಹಣವೆಂಬುದನ್ನು ಮರೆಯಲಾಗದು.

ದೃಷ್ಟಾಂತಕ್ಕಾಗಿ ಹೀಗೆಂದುಕೊಳ್ಳೋಣ. ತಂದೆಯೊಬ್ಬನು ತರಬೇತುದಾರನ ಕೈಗೆ 4,000 ರೂಪಾಯಿ ಕೊಟ್ಟನು. ಅದರಲ್ಲಿ ಮಗನ ಹೆಸರು ಅಚ್ಚಾದ ಅಂಗಿ ಚಡ್ಡಿಗಳಿಗೆ 1,200, ಬೂಟಿಗೆ 1,500, ಮೊಣಕಾಲ ಕೆಳಗಿನ ಕಾಪಿಗೂ ಚೀಲಕ್ಕೂ 500, ಎರಡು ತಿಂಗಳ ತರಬೇತಿಗೆ 800. ಒಂದು ತಿಂಗಳು ತುಂಬುವಷ್ಟರಲ್ಲಿ ಬಾಲಕನು, “ಅಪ್ಪ, ನಾನು ಇನ್ನು ಹೋಗುವುದಿಲ್ಲ” ಎಂದನು. ತಂದೆಯು ಹಣವನ್ನು ಪೂರ್ತಿಯಾಗಿ ಕೇಳುತ್ತಾನೆ. ತರಬೇತುದಾರನು, “ಸಾಮಾನಿಗೆ ಹೇಳಿಯಾಯಿತು, ಒಂದು ಕಾಸೂ ಬರುವುದಿಲ್ಲ” ಎನ್ನುತ್ತಾನೆ. ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಪ್ರಾಮಾಣಿಕರೇ. ಇಬ್ಬರೂ ಅರ್ಧ ಸತ್ಯವನ್ನೇ ಹೇಳುತ್ತಿದ್ದಾರೆ.

ಕೊಂಡ ಮೇಲೆ ಪಶ್ಚಾತ್ತಾಪಪಡುವವನ ಪ್ರಶ್ನೆಯು ಅತಿ ಪ್ರಾಚೀನವಾದದ್ದು. ನಮ್ಮ ಧರ್ಮಶಾಸ್ತ್ರಕಾರರು ಎಣಿಸಿದ ಹದಿನೆಂಟು ವ್ಯವಹಾರಪದಗಳಲ್ಲಿ ಕ್ರಯವಿಕ್ರಯಾನುಶಯವೂ ಒಂದು. ಅನುಶಯವೆಂದರೆ ಪಶ್ಚಾತ್ತಾಪ. ಕೊಂಡವನಾಗಲಿ ಮಾರಿದವನಾಗಲಿ ಹತ್ತು ದಿನಗಳೊಳಗೆ ಮನಸ್ಸು ಬದಲಿಸಬಹುದೆಂದು ಮನುವು ಹೇಳುತ್ತಾನೆ. ನಾರದನ ಮತವು ಇನ್ನೂ ಸೂಕ್ಷ್ಮವಾದದ್ದು: ಕೊಂಡ ದಿನವೇ ಕೆಡದ ವಸ್ತುವನ್ನು ಹಿಂದಿರುಗಿಸಿದರೆ ಪೂರ್ತಿ ಬೆಲೆ, ಎರಡನೆಯ ದಿನವಾದರೆ ಮೂವತ್ತರಲ್ಲಿ ಒಂದು ಪಾಲು ನಷ್ಟ, ಮೂರನೆಯ ದಿನ ಅದರ ಇಮ್ಮಡಿ, ಆಮೇಲೆ ವಸ್ತುವು ಕೊಂಡವನದೇ. ಯಾಜ್ಞವಲ್ಕ್ಯ ಸ್ಮೃತಿಯು ಬೀಜ, ಲೋಹ, ರತ್ನ, ಪಶು ಇವುಗಳ ಪರೀಕ್ಷೆಗೆ ಬೇರೆ ಬೇರೆ ಅವಧಿಗಳನ್ನು ವಿಧಿಸುತ್ತದೆ. ಆ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ನಮ್ಮ ಕನ್ನಡ ನಾಡಿನ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಇದ್ದವನು. ಈ ದಿನಗಳ ಲೆಕ್ಕವು ಇಂದು ನಡೆಯತಕ್ಕ ಕಾನೂನಲ್ಲ. ಆದರೆ ಅದರೊಳಗಿನ ವಿವೇಕವು ಹಳತಾಗಿಲ್ಲ: ಮನಸ್ಸು ಬದಲಾದುದನ್ನು ಬೇಗ ತಿಳಿಸಬೇಕು, ವಸ್ತುವು ಕೆಡದೆ ಇರಬೇಕು, ತಡವಾದಷ್ಟೂ ನಷ್ಟವು ತಡಮಾಡಿದವನ ಪಾಲಿಗೆ ಬರಬೇಕು.

ಇನ್ನು ಇಂದಿನ ಕಾನೂನು. 1872ನೆಯ ಇಸವಿಯ ಕರಾರುಗಳ ಅಧಿನಿಯಮದ ಪ್ರಕಾರ ಅಪ್ರಾಪ್ತವಯಸ್ಕನು ಕರಾರು ಮಾಡಲು ಅರ್ಹನಲ್ಲ. ಆದ್ದರಿಂದ ಒಪ್ಪಂದವು ತಂದೆಗೂ ತರಬೇತುದಾರನಿಗೂ ನಡುವಿನದು. ಬಾಲಕನು ಅದರಲ್ಲಿ ಸಾಲಗಾರನೂ ಅಲ್ಲ, ಅಪರಾಧಿಯೂ ಅಲ್ಲ. ಅದೇ ಅಧಿನಿಯಮದ 74ನೆಯ ಪ್ರಕರಣವು, ಕರಾರು ಮುರಿದರೆ ಇಷ್ಟು ಹಣವೆಂದು ಮೊದಲೇ ಬರೆದಿದ್ದರೂ ಆ ಮಿತಿಯೊಳಗೆ ಯುಕ್ತವಾದ ಪರಿಹಾರ ಮಾತ್ರ ಸಲ್ಲುವುದೆಂದು ವಿಧಿಸುತ್ತದೆ. 1963ರಲ್ಲಿ ಫತೇ ಚಂದ್ ಅವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಸಂಚಕಾರವಾಗಿ ಕೊಟ್ಟ 1,000 ರೂಪಾಯಿಯನ್ನು ಮಾರುವವನು ಉಳಿಸಿಕೊಳ್ಳಬಹುದೆಂದೂ, ಬೆಲೆಯ ಅಂಶವಾಗಿ ಕೊಟ್ಟ 24,000 ರೂಪಾಯಿಯನ್ನು ಮುಟ್ಟುಗೋಲು ಹಾಕಿಕೊಳ್ಳಲಾಗದೆಂದೂ ತೀರ್ಮಾನಿಸಿತು. 73ನೆಯ ಪ್ರಕರಣದ ವಿವರಣೆಯ ಮೇರೆಗೆ ನಷ್ಟದ ಲೆಕ್ಕ ಮಾಡುವಾಗ, ಆ ನಷ್ಟವನ್ನು ತಗ್ಗಿಸಲು ಯಾವ ಮಾರ್ಗವಿತ್ತೆಂಬುದನ್ನೂ ನೋಡತಕ್ಕದ್ದು. ಎಂದರೆ, ಮತ್ತೊಬ್ಬ ಬಾಲಕನಿಗೆ ಕೊಡಬಹುದಾದ ಬೂಟನ್ನು ಮೂಲೆಯಲ್ಲಿಟ್ಟು ನಷ್ಟವಾಯಿತೆನ್ನುವುದು ನ್ಯಾಯವಲ್ಲ.

ಈ ತತ್ತ್ವಗಳನ್ನು ನಮ್ಮ ದೃಷ್ಟಾಂತಕ್ಕೆ ಅನ್ವಯಿಸೋಣ. ಹೆಸರು ಅಚ್ಚಾದ ಅಂಗಿಯು ಅನ್ಯರಿಗೆ ಸಲ್ಲದು. ಅದರ 1,200 ರೂಪಾಯಿಯನ್ನು ತಂದೆಯು ಬಿಡಬೇಕು, ಅಂಗಿಯು ಬಾಲಕನ ಕೈಗೆ ಬರಬೇಕು. ಹಣವನ್ನೂ ಅಂಗಿಯನ್ನೂ ಎರಡನ್ನೂ ತರಬೇತುದಾರನು ಉಳಿಸಿಕೊಳ್ಳತಕ್ಕದ್ದಲ್ಲ. ಬೂಟು ಇನ್ನೂ ಕಾಲಿಗೆ ಏರದೆ ಇದ್ದರೆ ಆ 1,500 ರೂಪಾಯಿ ಹಿಂದಕ್ಕೆ ಬರತಕ್ಕದ್ದು. ಅಂಗಡಿಯವನು ಏನಾದರೂ ಮುರಿದುಕೊಂಡರೆ ಅಷ್ಟನ್ನು ತಂದೆಯೇ ಹೊರಲಿ. ಬಳಸದ ಕಾಪೂ ಚೀಲವೂ ಮುಂದೆ ಸೇರುವ ಬಾಲಕನಿಗೆ ಆಗುತ್ತವೆ. ಆ 500ನ್ನು ಕೊಡಬಹುದು. ತರಬೇತಿಯಲ್ಲಿ ಕಳೆದ ತಿಂಗಳಿನ 400 ತರಬೇತುದಾರನ ದುಡಿಮೆ. ಬಾರದ ತಿಂಗಳಿನ 400ನ್ನು ಹಿಂದಿರುಗಿಸುವುದು ಸಭ್ಯತೆ. ಒಟ್ಟು 2,400 ರೂಪಾಯಿ ಮನೆಗೆ ಬಂದಿತು. ಪೂರ್ತಿ ಬೇಕೆಂದವನಿಗೂ ಏನೂ ಇಲ್ಲವೆಂದವನಿಗೂ ಇದು ಅಸಮಾಧಾನವೇ. ಆದರೆ ಇಬ್ಬರಿಗೂ ಅನ್ಯಾಯವಲ್ಲ.

ಬಾಲಕನು ತಾನಾಗಿ ಬೇಸತ್ತು ಬಿಟ್ಟದ್ದು ಬೇರೆ, ಬಿಡುವಂತೆ ಮಾಡಿದ್ದು ಬೇರೆ. ಹೊಡೆತ, ಅವಾಚ್ಯ ಮಾತು, ಜಾತಿಯನ್ನೋ ಬಡತನವನ್ನೋ ಎತ್ತಿ ಆಡಿದ ಹಾಸ್ಯ, ಪೆಟ್ಟಾದಾಗ ತೋರಿದ ಉಪೇಕ್ಷೆ ಇವು ಕಾರಣವಾಗಿದ್ದರೆ ತಪ್ಪು ಕೊಂಡವನದಲ್ಲ. ಆಗ ತಂದೆಯು ಹಣದ ಲೆಕ್ಕಕ್ಕಿಂತ ಮುಂಚೆ ಆ ತಪ್ಪಿನ ವಿಚಾರಣೆಯನ್ನು ಕೇಳಬೇಕು.

ಮಾತಿನಿಂದ ಮುಗಿಯದಿದ್ದರೆ, ಹಣ ಪಡೆದು ವ್ಯಾಪಾರವಾಗಿ ತಂಡ ನಡೆಸುವವರ ಮೇಲೆ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ ದೂರು ಕೊಡುವ ದಾರಿಯುಂಟು. 1915 ಎಂಬ ಸಹಾಯವಾಣಿಯುಂಟು. ಕೋಲಾರದಲ್ಲಿ ಜಿಲ್ಲಾ ಆಯೋಗವುಂಟು. ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಸಲ್ಲಿಸಬೇಕು. ಆದರೆ ಇಂಥ ಅಲ್ಪ ಮೊತ್ತಕ್ಕೆ ಕೋಲಾರದವರೆಗೆ ಓಡಾಡುವುದಕ್ಕಿಂತ, ಇಬ್ಬರಿಗೂ ಬೇಕಾದ ಹಿರಿಯರೊಬ್ಬರನ್ನು ಕೂರಿಸಿಕೊಂಡು ಅರ್ಧ ಗಂಟೆ ಮಾತನಾಡುವುದು ಲೇಸು.

ಅದಕ್ಕಿಂತಲೂ ಲೇಸಾದುದು ಹಣ ಕೊಡುವ ಮುನ್ನದ ಎಚ್ಚರಿಕೆ. ರಸೀದಿಯಲ್ಲಿ ಸಾಮಾನುಗಳ ಬೆಲೆ ಬೇರೆ ಬೇರೆಯಾಗಿ ಇರಲಿ. ಯಾವ ದಿನ ಅಂಗಡಿಗೆ ಹೇಳುವರು, ಬಿಟ್ಟರೆ ಏನು ಹಿಂದಕ್ಕೆ ಬರುವುದು ಎಂಬ ಎರಡು ಸಾಲು ಬರೆದಿರಲಿ. ಕನ್ನಡ, ತಮಿಳು, ತೆಲುಗು ಬೆರೆತಿರುವ ಈ ಊರುಗಳಲ್ಲಿ ಇಂಗ್ಲಿಷಿನ ಕಾಗದಕ್ಕೆ ಓದದೆ ರುಜು ಹಾಕುವವರುಂಟು. ಅವರವರ ಭಾಷೆಯಲ್ಲಿ ಓದಿ ಹೇಳುವುದು ತರಬೇತುದಾರನ ಧರ್ಮ. ಮೊದಲ ಹದಿನೈದು ದಿನ ಬಾಲಕನು ಇದ್ದ ಬಟ್ಟೆಯಲ್ಲಿಯೇ ಆಡಲಿ. ಆಸೆ ನಿಂತಿತೆಂದು ಕಂಡ ಮೇಲೆ ಅಳತೆ ಕೊಡಲಿ. ಬೆಳೆಯುವ ಮಕ್ಕಳ ಪಾದವು ಬೂಟು ಹರಿಯುವವರೆಗೆ ಕಾಯುವುದಿಲ್ಲ. ಚಿಕ್ಕದಾದ ಬೂಟುಗಳನ್ನು ತಂಡದಲ್ಲಿಯೇ ಕೂಡಿಟ್ಟು ಕಿರಿಯರಿಗೆ ಕೊಡುವ ಏರ್ಪಾಡಾದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಕಡೆಯದಾಗಿ ಒಂದು ಮಾತು. ಕೊಟ್ಟ ಹಣವು ವ್ಯರ್ಥವಾಗುವುದೆಂದು ಒಲ್ಲದ ಮಗುವನ್ನು ದಿನವೂ ಮೈದಾನಕ್ಕೆ ಅಟ್ಟುವವರಿದ್ದಾರೆ. ಹಾಗೆ ಮಾಡಿದರೆ ಹಣವೂ ಬಾರದು, ಆಟವೂ ಬಾರದು. ಮತ್ತೆ ಕೆಲವರು ಉಣ್ಣುವ ಎಲೆಯ ಮುಂದೆ ಆ 4,000ದ ಮಾತನ್ನೆತ್ತಿ ಹಂಗಿಸುತ್ತಾರೆ. ಅಂಥ ಮಗುವು ಮುಂದೆ ಯಾವುದನ್ನೂ ಬಿಡುವುದಿಲ್ಲವೆಂದಲ್ಲ. ಯಾವುದನ್ನೂ ಕೇಳುವುದೇ ಇಲ್ಲ. ಪುಸ್ತಕ ಬೇಕಾದರೂ ಕೇಳದು, ಮೈ ನೊಂದರೂ ಹೇಳದು. ಬೂಟಿನ ನಷ್ಟವನ್ನು ಮೂರು ತಿಂಗಳಲ್ಲಿ ತುಂಬಿಕೊಳ್ಳಬಹುದು. ಈ ನಷ್ಟವನ್ನು ತುಂಬಿಕೊಡುವ ನ್ಯಾಯಾಸ್ಥಾನವಿಲ್ಲ. ಲೆಕ್ಕವು ದೊಡ್ಡವರ ನಡುವೆ ಇರಲಿ. ಮಗುವನ್ನು ಹತ್ತಿರ ಕೂರಿಸಿಕೊಂಡು, ಏಕೆ ಬಿಟ್ಟೆ ಎಂದು ಕೋಪವಿಲ್ಲದೆ ಒಮ್ಮೆ ಕೇಳಿದರೆ ಸಾಕು.