ಹೊತ್ತಿಗೆ ಒದಗುವ ಮಾತು

ಪರೀಕ್ಷೆಗಳು ಸಮೀಪಿಸಿದಂತೆ ಅಧ್ಯಾಪಕರ ಕೊಠಡಿಗೆ ಬರುವ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚುವುದು ವಾಡಿಕೆ. ಯಾವ ಪಾಠ ಮುಖ್ಯ, ಯಾವುದನ್ನು ಬಿಟ್ಟರೂ ನಡೆದೀತು ಎಂಬುದೇ ಹೆಚ್ಚಿನವರ ಪ್ರಶ್ನೆ. ಈಚೆಗೆ ಬಂದ ತರುಣನೊಬ್ಬನ ಪ್ರಶ್ನೆ ಮಾತ್ರ ಬೇರೆಯಾಗಿತ್ತು. ಕೈಯಲ್ಲಿ ತಾನು ಬರೆದ ಕವಿತೆಗಳ ನೋಟುಪುಸ್ತಕ. ಮನೆಯಲ್ಲಿ, ಮಗ ಬ್ಯಾಂಕಿನ ಪರೀಕ್ಷೆಗೆ ಕೂರಬೇಕೆಂದು ತಂದೆಯ ಒತ್ತಾಯ. “ಸಾರ್, ಇವೆರಡರಲ್ಲಿ ಯಾವುದನ್ನು ಬಿಡಲಿ?” ಎಂದು ಕೇಳಿದ. “ಮೊದಲು ಹೊಟ್ಟೆಪಾಡು ನೋಡಿಕೊಳ್ಳಪ್ಪ, ಕವಿತೆ ಎಲ್ಲಿಗೂ ಓಡಿಹೋಗುವುದಿಲ್ಲ” ಎಂದೆ. ಅವನು ತಲೆಯಾಡಿಸಿ ಹೊರಟುಹೋದ. ಆ ನೋಟುಪುಸ್ತಕವನ್ನು ನಾನು ತೆರೆದು ಕೂಡ ನೋಡಲಿಲ್ಲವೆಂಬುದು ಅವನು ಮರೆಯಾದ ಮೇಲೆ ನನಗೆ ಹೊಳೆಯಿತು.

ನಾನು ಹೇಳಿದ್ದು ಸುಳ್ಳಲ್ಲ. ಆದರೆ ನಿಜವಾದ ಮಾತೆಲ್ಲ ಬೇಕಾದ ಮಾತಾಗಿರುವುದಿಲ್ಲ. ಮರುದಿನ ತರಗತಿಯಲ್ಲಿ ನಾನು ಮಾಡಬೇಕಾಗಿದ್ದ ಪಾಠ ಮುದ್ದಣನ ‘ಶ್ರೀರಾಮಾಶ್ವಮೇಧ’. ಎಷ್ಟೋ ವರ್ಷಗಳಿಂದ ಹೇಳುತ್ತ ಬಂದಿರುವ ಪಾಠವದು. ಆ ರಾತ್ರಿ ಅದನ್ನು ಓದುತ್ತಿರುವಾಗ ಅದೇ ನನಗೆ ಪಾಠ ಹೇಳತೊಡಗಿತು.

ಮುದ್ದಣನ ನಿಜನಾಮ ನಂದಳಿಕೆಯ ಲಕ್ಷ್ಮೀನಾರಣಪ್ಪ. ಹುಟ್ಟಿದ್ದು 1870ರಲ್ಲಿ, ಬಡತನದ ಮನೆಯಲ್ಲಿ. ಉಡುಪಿಯ ಶಾಲೆಯಲ್ಲಿ ಅವನು ವ್ಯಾಯಾಮದ ಉಪಾಧ್ಯಾಯ. ಹಗಲೆಲ್ಲ ಹುಡುಗರನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುವುದು ಅವನ ವೃತ್ತಿ. ಅದರ ಆಚೆಗೆ ಉಳಿದ ಹೊತ್ತಿನಲ್ಲಿ ಹಳಗನ್ನಡ ಕಾವ್ಯಗಳ ಅಧ್ಯಯನ ಮತ್ತು ಬರವಣಿಗೆ. ‘ಅದ್ಭುತ ರಾಮಾಯಣ’, ‘ಶ್ರೀರಾಮ ಪಟ್ಟಾಭಿಷೇಕ’, ‘ಶ್ರೀರಾಮಾಶ್ವಮೇಧ’ ಎಂಬ ಕೃತಿಗಳನ್ನು ಅವನು ಮೈಸೂರಿಗೆ ಪ್ರಕಟಣೆಗಾಗಿ ಕಳುಹಿಸಿದ. ಕಳುಹಿಸಿದ್ದು ತನ್ನವೆಂದಲ್ಲ, ಯಾರೋ ಹಿಂದಿನ ಕವಿಯವೆಂದು! ಹಳೆಯದಾದರೆ ಗೌರವ, ಇಂದಿನವನು ಬರೆದುದಾದರೆ ಉಪೇಕ್ಷೆ ಎಂಬುದು ಅವನ ಭಯವಾಗಿದ್ದಿರಬೇಕು. 1901ರಲ್ಲಿ ಕ್ಷಯರೋಗ ಅವನನ್ನು ಕೊಂಡೊಯ್ದಾಗ ವಯಸ್ಸು ಮೂವತ್ತೊಂದು. ಕಾವ್ಯವನ್ನು ಬರೆದವನು ಈ ಕವಾಯತಿನ ಮೇಷ್ಟ್ರೇ ಎಂದು ನಾಡು ಅರಿತು ಮೆಚ್ಚುವ ಹೊತ್ತಿಗೆ ಮೆಚ್ಚಿಕೆಯನ್ನು ಕೇಳಲು ಅವನಿರಲಿಲ್ಲ.

ತನ್ನ ಹೆಸರನ್ನೇ ಮರೆಮಾಡಿದವನು ತನ್ನತನವನ್ನು ಉಳಿಸಿಕೊಂಡನೆಂದು ಹೇಳಬಹುದೆ? ಹೇಳಬಹುದೆಂದೇ ನನ್ನ ನಂಬಿಕೆ. ‘ಶ್ರೀರಾಮಾಶ್ವಮೇಧ’ದಲ್ಲಿ ರಾಮಕಥೆಗಿಂತ ಹೆಚ್ಚಾಗಿ ನಮ್ಮ ಮನಸ್ಸಿನಲ್ಲಿ ನಿಲ್ಲುವುದು ಮುದ್ದಣ ಮನೋರಮೆಯರ ಸಂವಾದ. ಮಳೆಗಾಲದ ಒಂದು ಸಂಜೆ ಗಂಡ ಹೆಂಡತಿಗೆ ಕಥೆ ಹೇಳತೊಡಗುತ್ತಾನೆ. ಅವಳು ನಡುನಡುವೆ ತಡೆಯುತ್ತಾಳೆ, ಪದ್ಯ ಬೇಡವೆನ್ನುತ್ತಾಳೆ, ಕಠಿಣವಾದ ಸಂಸ್ಕೃತ ಮಾತುಗಳನ್ನು ಹಾಸ್ಯಮಾಡುತ್ತಾಳೆ. ಭಾಷೆ ಹಳಗನ್ನಡ, ಒಳಗಿನ ಸರಸ, ಸಲಿಗೆ, ಮುನಿಸು ಎಲ್ಲವೂ ಅವನ ಕಾಲದ ಮನೆಯವು. ಪ್ರಾಚೀನನ ವೇಷ ತೊಟ್ಟರೂ ಅವನಿಗೆ ತನ್ನ ದನಿಯನ್ನು ಬಚ್ಚಿಡಲಾಗಲಿಲ್ಲ. ಅವನು ಕಳೆದುಕೊಂಡದ್ದು ತನ್ನತನವನ್ನಲ್ಲ. ‘ಇದು ನಿನ್ನದೇ, ಚೆನ್ನಾಗಿದೆ, ನಿನ್ನ ಹೆಸರಿನಲ್ಲೇ ಬರಲಿ’ ಎಂಬ ಒಂದು ಮಾತನ್ನು.

ಅಂಥ ಮಾತು ಹೊತ್ತಿಗೆ ಸರಿಯಾಗಿ ಒದಗಿದರೆ ಏನಾದೀತು ಎಂಬುದಕ್ಕೂ ನಮ್ಮಲ್ಲಿಯೇ ನಿದರ್ಶನವಿದೆ. ವಿದ್ಯಾರ್ಥಿದೆಸೆಯ ಕುವೆಂಪು ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದರು. ‘ಬಿಗಿನರ್ಸ್ ಮ್ಯೂಸ್’ ಎಂಬ ಅವರ ಪುಟ್ಟ ಸಂಕಲನ 1922ರಲ್ಲಿ ಹೊರಬಂದಿತ್ತು. 1924ರಲ್ಲಿ ಐರ್ಲೆಂಡಿನ ಕವಿ ಜೇಮ್ಸ್ ಕಸಿನ್ಸ್ ಮೈಸೂರಿಗೆ ಬಂದಾಗ ತರುಣ ಕವಿ ತನ್ನ ಇಂಗ್ಲಿಷ್ ಪದ್ಯಗಳನ್ನು ಅವರ ಮುಂದಿಟ್ಟರು. ಓದಿದ ಕಸಿನ್ಸ್ ಹೊಗಳಲಿಲ್ಲ. ನಿಮ್ಮ ನುಡಿಯಲ್ಲಿ ಏನಾದರೂ ಬರೆದಿದ್ದೀರಾ ಎಂದು ವಿಚಾರಿಸಿದರು. ಆ ಮಾತು ಮೊದಲು ಹಿತವಾಗಲಿಲ್ಲವೆಂದು ಕುವೆಂಪು ಅವರೇ ನೆನೆದುಕೊಂಡಿದ್ದಾರೆ. ಆದರೂ ಅದು ಒಳಗಿಳಿಯಿತು. 1949ರಲ್ಲಿ ಬೆಳಕು ಕಂಡ ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯದವರೆಗೆ ಸಾಗಿದ ದಾರಿ ಅಲ್ಲಿ ತಿರುವು ಕಂಡಿತು. ಕವಿಯನ್ನು ಕಸಿನ್ಸ್ ಸೃಷ್ಟಿಸಲಿಲ್ಲ, ನಿಜ. ಪದ್ಯಗಳನ್ನು ಓದಿ, ಕೇಳಬೇಕಾದುದನ್ನು ಕೇಳಿದರು. ಅಷ್ಟೆ.

ಸ್ಫೂರ್ತಿಯೆಂದರೆ ಆಕಾಶದಿಂದ ಎರಗುವ ಮಿಂಚೆಂದೂ, ಅದು ಬಂದೊಡನೆ ಇರುವುದನ್ನೆಲ್ಲ ತೊರೆದು ಹೊರಡಬೇಕೆಂದೂ ತರುಣರಿಗೆ ಬೋಧಿಸುವವರು ಉಂಟು. ಒಲೆಯ ಮೇಲಿನ ಅನ್ನದ ಚಿಂತೆಯಿಲ್ಲದವರಿಗೆ ಆ ಬೋಧೆ ಸುಲಭ. ಕನಸು ಕಟ್ಟಿಡು, ನೌಕರಿ ಹಿಡಿ ಎನ್ನುವ ನನ್ನಂಥವರ ವಿವೇಕವೂ ಅಷ್ಟೇ ಸುಲಭವಾದುದು. ಈ ಎರಡೂ ಎದುರಿಗಿರುವವನ ಮುಖ ನೋಡದೆ ಆಡುವ ಮಾತುಗಳು. ಮಾಸ್ತಿಯವರು 1914ರಿಂದ 1943ರವರೆಗೆ ಮೈಸೂರು ಸರ್ಕಾರದ ಸೇವೆಯಲ್ಲಿದ್ದರು. ಕನ್ನಡದ ಸಣ್ಣಕಥೆ ತನ್ನ ಕಾಲ ಮೇಲೆ ನಿಂತದ್ದು ಆ ವರ್ಷಗಳಲ್ಲಿಯೇ. ಯಾವುದನ್ನು ಬಿಡಲಿ ಎಂಬುದಕ್ಕಿಂತ, ದಿನದ ಯಾವ ಗಳಿಗೆಯನ್ನು ಯಾರಿಗೂ ಬಿಟ್ಟುಕೊಡದೆ ಕಾಯ್ದುಕೊಳ್ಳಲಿ ಎಂಬುದು ಹೆಚ್ಚು ಫಲವತ್ತಾದ ಪ್ರಶ್ನೆ. ಆ ತರುಣನಿಗೆ ನಾನು ಹೇಳಬೇಕಾಗಿದ್ದುದು ಇದು. ಬ್ಯಾಂಕಿನ ಪರೀಕ್ಷೆಗೆ ಕೂರಲಿ, ತಂದೆಯ ಆತಂಕ ಹುಸಿಯಲ್ಲ. ಆದರೆ ನೋಟುಪುಸ್ತಕದ ಹೊತ್ತು ನೋಟುಪುಸ್ತಕಕ್ಕೇ ಇರಲಿ.

ಹಾಗೆಂದು ಮುದ್ದಣನ ಬಡತನವನ್ನು ಆದರ್ಶವೆಂದು ಕೊಂಡಾಡುವುದು ಕ್ರೌರ್ಯ. ದಣಿದ ದೇಹದಿಂದ ಅವನು ಕದ್ದು ತಂದ ಹೊತ್ತಿನ ಫಲವನ್ನು ನಾವು ಉಣ್ಣುತ್ತಿದ್ದೇವೆ. ಆ ಋಣ ನಮ್ಮ ಮೇಲಿದೆ. ಅದನ್ನು ತೀರಿಸುವ ಬಗೆ ಜಯಂತಿಯ ಭಾಷಣಗಳಲ್ಲ. ನಮ್ಮ ಮುಂದೆ ಅಳುಕುತ್ತ ನಿಂತವನ ಬರವಣಿಗೆಯನ್ನು ಬಿಡಿಸಿ ಓದುವುದು, ಚೆನ್ನಾಗಿದ್ದರೆ ಚೆನ್ನಾಗಿದೆಯೆನ್ನುವುದು, ಎರವಲು ದನಿಯಾಗಿದ್ದರೆ ‘ನಿನ್ನದೆಲ್ಲಿ?’ ಎಂದು ಕೇಳುವುದು. ಇದಕ್ಕೆ ಹಣ ಬೇಡ, ಅಧಿಕಾರ ಬೇಡ. ಅರ್ಧ ಗಂಟೆಯ ಗಮನ ಸಾಕು.

ನಾಳೆ ಸೋಮವಾರ. ಆ ಹುಡುಗನನ್ನು ಕರೆಸಿ ನೋಟುಪುಸ್ತಕವನ್ನು ಕೇಳಿ ಪಡೆಯುವವನಿದ್ದೇನೆ. ಕವಿತೆಗಳು ಹೇಗಿವೆಯೋ ತಿಳಿಯದು. ಓದದೆ ಉತ್ತರ ಹೇಳಿದ ತಪ್ಪಾದರೂ ನನ್ನಿಂದ ಇನ್ನೊಮ್ಮೆ ಆಗದಿರಲಿ.