ಕಮಲಾಪುರದ ಹೊಲಕ್ಕೆ ಬೆಂಗಳೂರಿನ ಅಪ್ಪಣೆಯೇಕೆ?

ದಾಲ್ ಮಿಲ್ಲಿನಲ್ಲಿ ದುಡಿಯುವ ಬಂಧುಗಳಿಗೆ, ಗಂಜಿನಲ್ಲಿ ತಕ್ಕಡಿ ಹಿಡಿದ ಸಣ್ಣ ವ್ಯಾಪಾರಿಗಳಿಗೆ ಡ್ರೋನಿನ ಮಾತೇಕೆ ಎಂದು ಕೆಲವರು ಕೇಳಿಯಾರು. ಹೊಲದಲ್ಲಿ ತೊಗರಿ ಕೆಟ್ಟರೆ ಕಲಬುರಗಿಯ ಮಿಲ್ಲಿನ ಗಾಲಿ ನಿಲ್ಲುತ್ತದೆ. ಆದ್ದರಿಂದ ಹೊಲದ ಮೇಲೆ ಹಾರುವ ಯಂತ್ರದ ಕಡಿವಾಣ ಯಾರ ಕೈಯಲ್ಲಿರಬೇಕು ಎಂಬುದು ನಮ್ಮೆಲ್ಲರ ಪ್ರಶ್ನೆ.

ಯಂತ್ರವನ್ನು ನಾವು ದ್ವೇಷಿಸುವುದಿಲ್ಲ. ಬೆನ್ನಿಗೆ ಪಂಪು ಕಟ್ಟಿಕೊಂಡು, ವಿಷದ ಗಾಳಿ ಕುಡಿಯುತ್ತ ಔಷಧ ಹೊಡೆಯುವ ಕೂಲಿಕಾರನಿಗೆ ಆ ಪಾಡು ತಪ್ಪುವುದಾದರೆ ಸಂತೋಷವೇ. ಅವನ ಕೂಲಿಗೆ ಬೇರೆ ದಾರಿಯನ್ನೂ ತೋರಿಸತಕ್ಕದ್ದು. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆಗೆ ಕೇಂದ್ರ ಸರಕಾರ 2023ರಲ್ಲಿ ಒಪ್ಪಿಗೆ ಕೊಟ್ಟಿತು. ಔಷಧ ಸಿಂಪಡಿಸುವ ಡ್ರೋನನ್ನು ಇಂದು ಬದುವಿನ ಮೇಲೆ ನಿಂತವರು ಕಣ್ಣಳತೆಯಲ್ಲೇ ಹಾರಿಸುತ್ತಾರೆ. ನಾಳೆ ಅದನ್ನು ಮೊಬೈಲ್ ಜಾಲದ ಮೂಲಕ, ಕಣ್ಣಿಗೆ ಕಾಣದಷ್ಟು ದೂರದಿಂದ ನಡೆಸುವ ಸಿದ್ಧತೆ ಜಗತ್ತಿನಾದ್ಯಂತ ನಡೆದಿದೆ.

ಆಗ ಆಜ್ಞೆ ತಡವಾದರೆ ಗತಿಯೇನು? ಸೆಕೆಂಡಿಗೆ 8 ಮೀಟರ್ ಹೋಗುವ ಡ್ರೋನ್ ಅರ್ಧ ಸೆಕೆಂಡಿನಲ್ಲಿ 4 ಮೀಟರ್ ಮುಂದೆ ಸಾಗಿರುತ್ತದೆ. ಅಲ್ಲಿ ಕರೆಂಟಿನ ತಂತಿ ಇರಬಹುದು, ಕಳೆ ತೆಗೆಯುವ ಹೆಣ್ಣುಮಗಳಿರಬಹುದು, ನೆರೆಯವನ ಕೆಂಪು ಬಾಳೆಯ ತೋಟವಿರಬಹುದು. ಅದಕ್ಕೇ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ 5ಜಿ ಜಾಲಕ್ಕೆ ಕಟ್ಟುನಿಟ್ಟಿನ ಅಳತೆ ಹಾಕಿತು: ಇಂಥ ಕೆಲಸದ ಸಂದೇಶ 1 ಮಿಲಿಸೆಕೆಂಡಿನಲ್ಲಿ ರೇಡಿಯೋ ಜಾಲ ದಾಟಬೇಕು, ಲಕ್ಷಕ್ಕೆ ಒಂದಕ್ಕಿಂತ ಹೆಚ್ಚು ತಪ್ಪಬಾರದು. 6ಜಿಗಾಗಿ 2023ರಲ್ಲಿ ಇಟ್ಟುಕೊಂಡ ಗುರಿ ಕೋಟಿಗೆ ಒಂದರವರೆಗೂ ಹೋಗುತ್ತದೆ.

ಕಾಗದದ ಮೇಲೆ ಎಲ್ಲವೂ ಸೊಗಸು. ಆದರೆ ಟವರಿನ ಅಂಟೆನಾ ನೆಲದ ಮೇಲಿನ ಮಂದಿಗಾಗಿ ಕೆಳಕ್ಕೆ ಬಾಗಿರುತ್ತದೆ. ಮೇಲೆ ಹಾರುವ ಡ್ರೋನಿಗೆ ಸಿಗುವುದು ಅಂಚಿನ ಅಲೆ. ಜೊತೆಗೆ ದೂರದ ಹತ್ತಾರು ಟವರುಗಳ ಗದ್ದಲ. ಸಂತೆಯಲ್ಲಿ ಹತ್ತು ಮಂದಿ ಒಮ್ಮೆಲೇ ಕೂಗಿದರೆ ಯಾರ ಮಾತು ಕೇಳಬೇಕು?

ಇನ್ನು ದೂರದ ಲೆಕ್ಕ. ಗಾಜಿನೆಳೆಯ ಕೇಬಲಿನಲ್ಲಿ ಬೆಳಕು 1 ಮಿಲಿಸೆಕೆಂಡಿಗೆ ಸುಮಾರು 200 ಕಿಲೋಮೀಟರ್ ಹೋಗುತ್ತದೆ. ಆಜ್ಞೆ ಕೊಡುವ ಗಣಕಯಂತ್ರ ಬೆಂಗಳೂರಿನಲ್ಲಿದ್ದರೆ ಕಮಲಾಪುರದಿಂದ ಹೋಗಿ ಬರುವ ಹಾದಿಗೇ ಸುಮಾರು 5 ಮಿಲಿಸೆಕೆಂಡು ಬೇಕು. ಅಷ್ಟರಿಂದಲೇ ಡ್ರೋನ್ ಬೀಳದು, ನಿಜ. ಆದರೆ ಹಾದಿ ಉದ್ದವಾದಷ್ಟೂ ನಡುವೆ ಸರದಿ ಕಾಯುವ ಕಟ್ಟೆಗಳು ಹೆಚ್ಚು. ಎಲ್ಲೋ ರಸ್ತೆ ಅಗೆಯುವಾಗ ಕೇಬಲ್ ತುಂಡಾದರೆ ಎಲ್ಲವೂ ನಿಂತಿತು. ಅದೇ ಯಂತ್ರ ಸುಮಾರು 35 ಕಿಲೋಮೀಟರ್ ದೂರದ ಕಲಬುರಗಿಯಲ್ಲಿದ್ದರೆ ಹಾದಿಗೆ ಅರ್ಧ ಮಿಲಿಸೆಕೆಂಡೂ ಬೇಡ. ಅಧಿಕಾರ ಜನರ ಹತ್ತಿರವಿರಬೇಕೆಂದು ಸಮಾಜವಾದಿಗಳು ಹೇಳುತ್ತ ಬಂದ ಮಾತನ್ನು ಇಲ್ಲಿ ಬೆಳಕಿನ ವೇಗವೇ ಹೇಳುತ್ತಿದೆ!

ಆದರೆ ಲಾಭ ನೋಡುವ ಬಂಡವಾಳ ಗಿರಾಕಿ ದಟ್ಟವಾಗಿರುವ ಊರನ್ನೇ ಮೊದಲು ಹುಡುಕುತ್ತದೆ. ಆಕಾಶದ ಅಲೆಗಳು ಸಾರ್ವಜನಿಕ ಸೊತ್ತೆಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. 2022ರ ಹರಾಜಿನಲ್ಲಿ ಆ ಸೊತ್ತಿನ ಬಳಕೆಯ ಹಕ್ಕು ಸುಮಾರು ಒಂದೂವರೆ ಲಕ್ಷ ಕೋಟಿ ರೂಪಾಯಿಗೆ ಹೋಯಿತು. ಆ ರೊಕ್ಕವನ್ನು ಕೊನೆಗೆ ತೆರುವವರು ತಿಂಗಳು ತಿಂಗಳು ರೀಚಾರ್ಜು ಮಾಡಿಸುವ ನಾವೇ ಅಲ್ಲವೆ?

ಆದ್ದರಿಂದ ನಮ್ಮ ಬೇಡಿಕೆ ಮೂರು. ಆಜ್ಞೆಯ ಯಂತ್ರ ಕಲಬುರಗಿಯಲ್ಲಿ, ಸಾರ್ವಜನಿಕ ಒಡೆತನದಲ್ಲಿರಲಿ. ಕಮಲಾಪುರಕ್ಕೆ ಎರಡು ಬೇರೆ ಬೇರೆ ಹಾದಿಯಿಂದ ಕೇಬಲ್ ಬರಲಿ. ಸಂದೇಶ ತಪ್ಪಿ ಅಪಘಾತವಾದರೆ ಹೊಣೆ ಜಾಲ ನಡೆಸುವವರದು, ಡ್ರೋನ್ ಹಾರಿಸುವ ಹೆಣ್ಣುಮಗಳದ್ದಲ್ಲ ಎಂದು ಕಾನೂನಾಗಲಿ. ಕೋಟಿಗೆ ಒಂದೇ ತಪ್ಪು ಎಂದು ಮಾತು ಕೊಡುವವರು ಆ ಒಂದನ್ನೂ ತಮ್ಮ ಹೆಗಲ ಮೇಲೆ ಹೊರಲಿ.