ಹಾಡಿದಾಗ ಮಾತಿನ ಧಾಟಿ ಎಲ್ಲಿ ಹೋಗುತ್ತದೆ?

ದೆಹಲಿಯ ದ್ವಾರಕಾದಲ್ಲಿ ಬೆಳೆಯುವ ಕನ್ನಡ ಮನೆಗಳ ಮಕ್ಕಳ ಮಾತಿನಲ್ಲಿ ಹಿಂದಿಯ ಛಾಯೆ ಇರುವುದು ಸಹಜ. ಶಾಲೆ, ಆಟ, ಅಂಗಡಿ ಎಲ್ಲವೂ ಹಿಂದಿಯಲ್ಲೇ ನಡೆಯುವಾಗ ಬಾಳೆಹಣ್ಣು 'ಬಾಲೆಹನ್ನು' ಆಗುತ್ತದೆ, ಕನ್ನಡ 'ಕನ್ನಡ್' ಆಗುತ್ತದೆ. ಅದೇ ಮಕ್ಕಳು ರಾಜ್ಯೋತ್ಸವಕ್ಕೆ ಒಂದು ಭಾವಗೀತೆ ಹಾಡಿದರೆ ಮಾತ್ರ ಛಾಯೆ ಎಲ್ಲೋ ಅಡಗಿಬಿಡುತ್ತದೆ. ಇದು ಮಕ್ಕಳ ಮಾತಷ್ಟೇ ಅಲ್ಲ. ಇದೇ ರಾಜಧಾನಿ ವಲಯದ ಫರೀದಾಬಾದ್‌ನಲ್ಲಿ ಹುಟ್ಟಿದ ಸೋನು ನಿಗಮ್ 2006ರ 'ಮುಂಗಾರು ಮಳೆ'ಗೆ ಹಾಡಿದಾಗ ಕನ್ನಡಿಗರು ಅವರ ಊರು ಕೇಳದೆ ಹಾಡನ್ನು ಒಪ್ಪಿಕೊಂಡರು. ಧಾಟಿ ನಿಜಕ್ಕೂ ಮಾಯವಾಗುತ್ತದೆಂದು ನನಗನಿಸುವುದಿಲ್ಲ. ಅದರ ಬಹುಪಾಲನ್ನು ರಾಗ ತಾಳಗಳು ಕಿತ್ತುಕೊಳ್ಳುತ್ತವೆ. ಮಿಕ್ಕಿದ್ದನ್ನು ನಮ್ಮ ಕಿವಿ ಬಿಟ್ಟುಕೊಡುತ್ತದೆ.

ಒಬ್ಬರ ಊರನ್ನು ನಾವು ಹೆಚ್ಚಾಗಿ ಗುರುತಿಸುವುದು ಅಕ್ಷರಗಳಿಂದಲ್ಲ, ಮಾತಿನ ಏರಿಳಿತದಿಂದ, ಎಲ್ಲಿ ಎಳೆಯುತ್ತಾರೆ ಎಲ್ಲಿ ಮೊಟಕುಗೊಳಿಸುತ್ತಾರೆ ಎಂಬುದರಿಂದ. ಮಂಗಳೂರಿನವರು, ಧಾರವಾಡದವರು ಬಾಯಿ ತೆರೆದ ಕೂಡಲೇ ತಿಳಿಯುವುದು ಹೀಗೆ. ಹಾಡಿನಲ್ಲಿ ಈ ಎರಡೂ ಹಾಡುವವರ ಕೈಯಲ್ಲಿಲ್ಲ. ಸಂಯೋಜಕರು ಮೊದಲೇ ನಿಗದಿ ಮಾಡಿರುತ್ತಾರೆ. ಹಿಂದಿಯವರು ಮಾತಿನಲ್ಲಿ ನುಂಗುವ ಪದಾಂತ್ಯದ ಅಕಾರಕ್ಕೂ ಅಲ್ಲಿ ಒಂದು ಸ್ವರ ಕಾದಿರುತ್ತದೆ, ನುಂಗಿದರೆ ತಾಳ ತಪ್ಪುತ್ತದೆ. ಹ್ರಸ್ವ ದೀರ್ಘದ ಕಥೆ ಇನ್ನೂ ಸ್ವಾರಸ್ಯದ್ದು. ಹಿಂದಿ ಬರೆಯುವ ರೂಢಿಯ ನಾಗರಿಯಲ್ಲಿ ಎ, ಒ ಹ್ರಸ್ವಗಳಿಗೆ ಬೇರೆ ಗುರುತಿಲ್ಲದ್ದರಿಂದ ಅದರಲ್ಲಿ ಬರೆದುಕೊಂಡ ಕನ್ನಡದಲ್ಲಿ ಬೆಳೆಯೂ ಬೇಳೆಯೂ ಒಂದೇ. ಮಾತಿನಲ್ಲಿ ಇದು ಕೂಡಲೇ ಸಿಕ್ಕಿಬೀಳುತ್ತದೆ. ಹಾಡಿನಲ್ಲಾದರೋ ಅಚ್ಚಗನ್ನಡದ ಗಾಯಕರೇ 'ಬೆ'ಯನ್ನು ನಾಲ್ಕು ಮಾತ್ರೆ ಎಳೆಯುತ್ತಾರೆ, ಯಾರೂ ತಕರಾರು ಮಾಡುವುದಿಲ್ಲ. ಹೊರಗಿನವರ ತಪ್ಪು ಇಲ್ಲಿ ಎಲ್ಲರ ಪದ್ಧತಿ.

ಇದೆಲ್ಲ ಬರೀ ಅನುಕರಣೆ, ಕೇಳಿಸಿಕೊಂಡದ್ದನ್ನು ಹಾಗೇ ಒಪ್ಪಿಸುತ್ತಾರೆ ಎಂಬ ಆಕ್ಷೇಪ ಬರಬಹುದು. ಅದರಲ್ಲೂ ಸತ್ಯವಿದೆ. ಬ್ರಿಟಿಷ್ ಪಾಪ್ ಗಾಯಕರು ಅಮೆರಿಕದವರಂತೆ ಉಚ್ಚರಿಸುವುದನ್ನು ಭಾಷಾವಿಜ್ಞಾನಿ ಪೀಟರ್ ಟ್ರಡ್‌ಗಿಲ್ 1983ರಲ್ಲೇ ವಿವರಿಸಿದ್ದರು. ಅಲ್ಲಿ ಧಾಟಿ ಅಳಿದಿರಲಿಲ್ಲ, ಮತ್ತೊಂದನ್ನು ತೊಟ್ಟುಕೊಂಡಿತ್ತು. ಆದರೆ ಅನುಕರಣೆಯೇ ಪೂರ್ತಿ ಕಾರಣವಾಗಿದ್ದರೆ, ಅಷ್ಟೇ ಶ್ರದ್ಧೆಯಿಂದ ಬಾಯಿಪಾಠ ಮಾಡಿದ ಭಾಷಣದಲ್ಲೂ ಛಾಯೆ ಅಡಗಬೇಕಿತ್ತು. ಅಡಗುವುದಿಲ್ಲ. ರಾಜ್ಯೋತ್ಸವದ ವೇದಿಕೆಯಲ್ಲಿ ಹಾಡಿಗೆ ಮುನ್ನ ಬರುವ ಬಾಯಿಪಾಠದ ನಿರೂಪಣೆ ಕೇಳಿದರೆ ಸಾಕು.

ಇನ್ನು ವ್ಯಂಜನಗಳು. ಇವುಗಳ ಮೇಲೆ ರಾಗಕ್ಕೆ ಅಧಿಕಾರವಿಲ್ಲ, ಹಾಗಾಗಿ ಧಾಟಿ ಉಳಿಯುವುದೂ ಅಲ್ಲೇ. ಕಿವಿಗೊಟ್ಟರೆ ಹಿಂದಿ ನಾಡಿನ ಗಾಯಕರಲ್ಲಿ ಳಕಾರ ತುಸು ಲಕಾರದತ್ತ ಜಾರುವುದು, ದೇವರನಾಮ ಹಾಡುವ ಕೆಲವು ತಮಿಳರಲ್ಲಿ ಗಕಾರ ಕಕಾರವಾಗುವುದು ಕೇಳಿಸುತ್ತದೆ. (ದ್ವಾರಕಾದ ಸುತ್ತಲಿನ ಹಳ್ಳಿಗಳ ಹರಿಯಾಣವಿಯಲ್ಲಿ ಳಕಾರ ಧಾರಾಳವಾಗಿದೆ, ಶಾಲೆಯ ಹಿಂದಿಯಲ್ಲಿಲ್ಲ. ಮಕ್ಕಳು ಕಲಿಯುವುದು ಎರಡನೆಯದನ್ನು.) ನಿಧಾನದ ಹಾಡಿನಲ್ಲಿ ಸ್ವರಗಳದ್ದೇ ದರ್ಬಾರು, ವ್ಯಂಜನ ಕ್ಷಣಾರ್ಧದಲ್ಲಿ ಮುಗಿದುಹೋಗುತ್ತದೆ, ಅದರ ದೋಷ ಯಾರಿಗೂ ಮುಟ್ಟುವುದಿಲ್ಲ. ನನ್ನ ವಾದ ಸರಿಯಿದ್ದರೆ ಸ್ವರಕ್ಕೆ ಜಾಗ ಕಡಿಮೆಯಾದಷ್ಟೂ ಧಾಟಿ ಮರಳಬೇಕು. ರ‍್ಯಾಪ್‌ನಲ್ಲಿ ಆಗುವುದು ಅದೇ: ತಾಳವಿದೆ, ಎಳೆಯುವ ರಾಗವಿಲ್ಲ, ಹಾಡುವವರ ಊರು ಮೊದಲ ಸಾಲಿಗೇ ಗೊತ್ತಾಗುತ್ತದೆ.